ಏಳು ಐದರ ಟ್ರಿಪ್ಪು

ಕಾಲೇಜಿನ ಮಕ್ಕಳು ಯಾಕೆ ಅರ್ಧಕ್ಕೆ ಓದು ಬಿಡುತ್ತಾರೆ ಎಂಬ ಬಗ್ಗೆ ಮೂಡುಬಿದಿರೆಯಲ್ಲಿ ಮೊನ್ನೆ ಒಂದು ವಿಚಾರ ಸಂಕಿರಣ ಆಯಿತಂತೆ. ಪೇಪರಿನಲ್ಲಿ ಫೋಟೋ ಬಂದಿತ್ತು. ವೇದಿಕೆಯ ಮೇಲೆ ಒಂಬತ್ತು ಜನ, ಒಂಬತ್ತೂ ಕೊರಳಿಗೆ ಶಾಲು. ಇವರಲ್ಲಿ ಒಬ್ಬರಾದರೂ ಒಂದು ಬೆಳಿಗ್ಗೆ ನಮ್ಮ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತಿದ್ದಾರಾ ಎಂದು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಅದೇ ಫುಟ್‌ಬೋರ್ಡಿನ ಮೇಲೆ ನಿಂತವನು ನಾನು. ನಿಂತು ನಾನು ಮಾಡಿದ್ದೇನು ಎಂಬುದನ್ನು ಹೇಳುತ್ತೇನೆ.

ನನ್ನ ಹೆಸರು ಕುಶಾಲಪ್ಪ, ಖಾಸಗಿ ಬಸ್ಸಿನ ಕಂಡಕ್ಟರ್. ಗುರುವಾಯನಕೆರೆಯಿಂದ ಏಳು ಕಿಲೋಮೀಟರ್ ಒಳಗೆ ಕೊಡಂಗೆಪಲ್ಕೆ ಎಂಬ ಊರಿದೆ. ರಾತ್ರಿ ನಮ್ಮ ಬಸ್ಸು ಅಲ್ಲೇ ಹಾಲ್ಟ್. ನಾನೂ ಡ್ರೈವರ್ ಝಕರಿಯಾನೂ ಬಸ್ಸಿನಲ್ಲೇ ಮಲಗಿ, ಬೆಳಿಗ್ಗೆ ಏಳು ಐದಕ್ಕೆ ಹೊರಟು, ಗುರುವಾಯನಕೆರೆ, ವೇಣೂರು ದಾಟಿ ಎಂಟೂವರೆಗೆ ಮೂಡುಬಿದಿರೆ ಮುಟ್ಟುತ್ತಿದ್ದೆವು. ಆ ಟ್ರಿಪ್ಪು ಇದ್ದದ್ದೇ ಕಾಲೇಜು ಮಕ್ಕಳಿಗಾಗಿ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಬೇಡ ಎಂದು ಎಲ್ಲ ಕಡೆ ಸಂಭ್ರಮ. ನಮ್ಮ ಒಳ ಊರಿಗೆ ಸರ್ಕಾರಿ ಬಸ್ಸೇ ಬರುವುದಿಲ್ಲ, ಉಚಿತವಾಗಿ ಹತ್ತುವುದು ಯಾವುದಕ್ಕೆ?

ಝಕರಿಯಾ ಮಹಾ ಜಗಳಗಂಟ. ಆದರೆ ಮಕ್ಕಳ ವಿಷಯದಲ್ಲಿ ಅವನಷ್ಟು ತಾಳ್ಮೆ ಇನ್ನೊಬ್ಬನಿಗಿಲ್ಲ. ಯಾವ ತಿರುವಿನಲ್ಲಿ ಯಾರ ಮನೆ, ಯಾರಿಗೆ ಎಷ್ಟು ಹಾರ್ನ್ ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಭವಿತ್ ಎಂಬ ಹುಡುಗನ ಮನೆಯ ಮುಂದೆ ಮೂರು ಸಲ ಉದ್ದಕ್ಕೆ ಒತ್ತಬೇಕು. ಮೂರನೆಯದಕ್ಕೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಬಾಯಿಯಲ್ಲಿ ಅರ್ಧ ದೋಸೆ ಇಟ್ಟುಕೊಂಡು ಓಡಿ ಬರುತ್ತಿದ್ದ. ಇವನಿಗೆ ಡಿಗ್ರಿ ಮಾಡಿಸುವುದು ಲೆಕ್ಚರರ್‌ಗಳಲ್ಲ, ನನ್ನ ಹಾರ್ನು ಎಂದು ಝಕರಿಯಾ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ ಅವನು ಹೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಸಾತ್ವಿಕಾ ಎಂಬ ಹುಡುಗಿ ಹತ್ತುತ್ತಿದ್ದದ್ದು ಕೊಡಂಗೆಪಲ್ಕೆಯಲ್ಲೇ. ಬಸ್ಸು ನಿಲ್ಲುವ ಜಾಗದ ಮೇಲಿನ ಮನೆ ಅವಳದ್ದು. ತಾಯಿ ಕಾಂತಿ ಬೀಡಿ ಕಟ್ಟುತ್ತಾರೆ. ತಂದೆ ತೀರಿಕೊಂಡು ಎಂಟು ವರ್ಷವಾಯಿತು. ಕಾಂತಿಯಕ್ಕ ಬೆಳಿಗ್ಗೆ ನಮ್ಮಿಬ್ಬರಿಗೆ ಚಹಾ ಕೊಟ್ಟು ಕಳಿಸುತ್ತಿದ್ದರು. ಮಗಳನ್ನು ಬಿ.ಎಸ್ಸಿ.ಗೆ ಸೇರಿಸುವ ಮೊದಲು ಅವರು ವಿಚಾರಿಸಿದ್ದು ಕಾಲೇಜಿನವರನ್ನಲ್ಲ, ನನ್ನನ್ನು. ಮೂರು ವರ್ಷ ಈ ಬಸ್ಸು ಇರ್ತದಲ್ಲ ಕುಶಾಲಣ್ಣ ಎಂದು ಕೇಳಿದ್ದರು. ಇರದೆ ಎಲ್ಲಿ ಹೋಗುತ್ತದೆ ಎಂದು ನಾನು ದೊಡ್ಡ ಮಾತಾಡಿದ್ದೆ. ಹುಡುಗಿಗೆ ರಸಾಯನಶಾಸ್ತ್ರವೆಂದರೆ ಪ್ರಾಣ. ಡಿಗ್ರಿ ಮುಗಿಸಿ ಔಷಧಿ ಕಂಪನಿಯ ಲ್ಯಾಬಿಗೆ ಸೇರಬೇಕು, ಅಮ್ಮನ ಕೈಗೆ ಬೀಡಿ ಎಲೆಯಿಂದ ವಿಶ್ರಾಂತಿ ಕೊಡಬೇಕು ಎಂಬುದು ಅವಳ ಯೋಚನೆ. ಇದನ್ನು ಅವಳು ಬಸ್ಸಿನಲ್ಲಿ ಎಲ್ಲರೆದುರು ಹೇಳುತ್ತಿದ್ದಳು, ಸಂಕೋಚವಿಲ್ಲದೆ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು.

ಇನ್ನು ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ನಮ್ಮ ಟಿಕೆಟ್ ಮೆಷಿನ್ನಿನಲ್ಲಿ ರಿಯಾಯಿತಿ ಪಾಸಿನ ಮಕ್ಕಳಿಗೆ ಬೇರೆ ಒಂದು ಗುಂಡಿ ಇದೆ. ಪಾಸು ನೋಡಿದ ಕೂಡಲೇ ಅದನ್ನು ಒತ್ತಬೇಕು, ಆಗ ಒಂದು ತಲೆ ದಾಖಲಾಗುತ್ತದೆ. ಬಸ್ಸಿನ ಹಳೆಯ ಧಣಿಗಳು ಮೆಷಿನ್ ತಂದುಕೊಟ್ಟ ದಿನವೇ ಒಂದು ಮಾತು ಹೇಳಿದ್ದರು, ಪಾಸಿನವರನ್ನು ಒಂದು ಟ್ರಿಪ್ಪಿಗೆ ಹತ್ತಕ್ಕಿಂತ ಹೆಚ್ಚು ಹತ್ತಿಸಬೇಡ ಎಂದು. ನಲವತ್ತು ಮಕ್ಕಳು ರಸ್ತೆಯಲ್ಲಿ ಕಾಯುತ್ತಿರುವಾಗ ಹತ್ತನ್ನು ಎಣಿಸಿ ಉಳಿದವರ ಮುಖಕ್ಕೆ ಬಾಗಿಲು ಹಾಕುವುದು ಹೇಗೆ? ನಾನು ಎಲ್ಲರನ್ನೂ ಹತ್ತಿಸಿಕೊಂಡೆ. ಆದರೆ ಗುಂಡಿ ಒತ್ತಲಿಲ್ಲ. ಒತ್ತಿದರೆ ಗೊತ್ತಾಗುತ್ತಿತ್ತಲ್ಲ! ಹತ್ತರ ಹತ್ತಿರವೂ ಹೋಗದ ಹಾಗೆ ದಿನಕ್ಕೆ ನಾಲ್ಕೈದು ಸಲ ಒತ್ತಿ ಸುಮ್ಮನಾಗುತ್ತಿದ್ದೆ. ಒಂಬತ್ತು ವರ್ಷ ಹೀಗೆಯೇ ನಡೆಯಿತು. ಈ ಲೈನಿನ ಅರ್ಧಕ್ಕರ್ಧ ಕಂಡಕ್ಟರುಗಳು ಹೀಗೇ ಮಾಡುವವರು, ಅದೊಂದು ಪುಣ್ಯದ ಕೆಲಸ ಎಂದೇ ನಾವು ತಿಳಿದುಕೊಂಡಿದ್ದೆವು.

ಸಾತ್ವಿಕಾ ಕೊನೆಯ ವರ್ಷಕ್ಕೆ ಬಂದ ಜೂನ್‌ನಲ್ಲಿ ಅವಳ ಕಾಲೇಜು ಹೊಸ ಪದ್ಧತಿ ತಂದಿತು. ವಾರಕ್ಕೆ ಮೂರು ದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್, ಮೂರು ದಿನ ಮನೆಯಲ್ಲೇ ಮೊಬೈಲಿನಲ್ಲಿ ಪಾಠ. ಅರ್ಧ ಮಕ್ಕಳಿಗೆ ಸೋಮವಾರದಿಂದ ಬುಧವಾರ, ಉಳಿದ ಅರ್ಧಕ್ಕೆ ಗುರುವಾರದಿಂದ ಶನಿವಾರ. ಇದಕ್ಕೆ ಹೈಬ್ರಿಡ್ ಎಂದು ಹೆಸರು. ಹೈಬ್ರಿಡ್ ಎಂದರೆ ನಮಗೆ ಗೊತ್ತಿದ್ದದ್ದು ತೆಂಗಿನ ಸಸಿ ಮಾತ್ರ. ಬೇಗ ಫಲ ಬರುತ್ತದೆ ಎನ್ನುತ್ತಾರೆ, ಇದೂ ಹಾಗೆಯೇ ಇರಬಹುದು ಎಂದುಕೊಂಡೆವು. ಮಕ್ಕಳಿಗಂತೂ ಖುಷಿ. ವಾರದಲ್ಲಿ ಮೂರು ದಿನ ನನ್ನ ಬೈಗುಳ ತಪ್ಪಿತು ಎಂದು ಭವಿತ್ ಕೈ ಮುಗಿದು ತಮಾಷೆ ಮಾಡಿದ.

ಒಂದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಕಣ್ಣಿಗೆ ಬೇರೆಯೇ ಕಂಡಿತು. ಅರ್ಧ ಮಕ್ಕಳು ಬಂದರೆ ಬಸ್ಸು ಅರ್ಧ ತುಂಬಬೇಕು ತಾನೆ? ಅಷ್ಟೂ ತುಂಬಲಿಲ್ಲ. ಮೂರು ದಿನ ಮನೆಯಲ್ಲಿ ಕುಳಿತವನಿಗೆ ನಾಲ್ಕನೆಯ ದಿನ ಏಳುವುದು ಕಷ್ಟ. ಮನೆಯವರಿಗೂ ಅಷ್ಟೇ, ಹುಡುಗ ಕಣ್ಣೆದುರು ಇದ್ದಾನೆ, ಕಿವಿಗೆ ವೈರು ಸಿಕ್ಕಿಸಿ ಕುಳಿತಿದ್ದಾನೆ, ಒಮ್ಮೆ ಅಂಗಡಿಗೆ ಹೋಗಿ ಬಾ, ಒಮ್ಮೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಅವನು ಪಾಠದಲ್ಲಿದ್ದಾನೆ ಎಂದು ಯಾರಿಗೆ ಅನ್ನಿಸುತ್ತದೆ? ಬಸ್ಸಿನಲ್ಲಾದರೆ ಒಬ್ಬ ಬಾರದಿದ್ದರೆ ನಾಲ್ಕು ಜನ ಕೇಳುತ್ತಿದ್ದರು, ಒಬ್ಬನ ನೋಟ್ಸು ಇನ್ನೊಬ್ಬನ ಮಡಿಲಲ್ಲಿರುತ್ತಿತ್ತು. ಮೊಬೈಲಿನಲ್ಲಿ ಯಾರು ಯಾರನ್ನು ಕೇಳುವುದು? ಜುಲೈ ಕೊನೆಗೆ ಝಕರಿಯಾ ಭವಿತ್‌ನ ಮನೆಯ ಮುಂದೆ ಮೂರು ಸಲ ಹಾರ್ನ್ ಒತ್ತಿದಾಗ ಅವನ ತಂಗಿ ಹೊರಗೆ ಬಂದು, ಅಣ್ಣ ಗುರುವಾಯನಕೆರೆಯ ಮೊಬೈಲ್ ಅಂಗಡಿಗೆ ಸೇರಿದ್ದಾನೆ, ಇನ್ನು ಹಾರ್ನ್ ಬೇಡವಂತೆ ಎಂದಳು. ಝಕರಿಯಾ ಗೇರು ಹಾಕಿ ಬಸ್ಸು ಮುಂದಕ್ಕೆ ಬಿಟ್ಟ.

ಸಾತ್ವಿಕಾ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮನೆಯಲ್ಲಿರುವ ಮೂರು ದಿನವೂ ಏಳು ಗಂಟೆಗೆ ಸ್ನಾನ ಮಾಡಿ, ಕಾಲೇಜಿನ ಚೂಡಿದಾರ ಹಾಕಿಕೊಂಡೇ ಪಾಠಕ್ಕೆ ಕೂರುತ್ತಾಳೆ ಎಂದು ಕಾಂತಿಯಕ್ಕ ಹೇಳುತ್ತಿದ್ದರು. ಇಲ್ಲದಿದ್ದರೆ ಉದಾಸೀನ ಹಿಡಿಯುತ್ತದೆಯಂತೆ. ಪ್ರಾಕ್ಟಿಕಲ್‌ಗೆ ಹಾಜರಿ ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅವಳೇ ನನಗೆ ವಿವರಿಸಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬು ಶುರು, ಹತ್ತು ನಿಮಿಷ ತಡವಾದರೆ ಬಾಗಿಲು ಬಂದ್. ಅವಳಿಗೆ ನಮ್ಮ ಟ್ರಿಪ್ಪು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗಸ್ಟ್‌ನಲ್ಲಿ ಉಜ್ವಲ್ ನನ್ನನ್ನು ಬೆಳ್ತಂಗಡಿಯ ಆಫೀಸಿಗೆ ಕರೆಸಿದ. ಹಳೆಯ ಧಣಿಗಳ ಮಗ. ಧಣಿಗಳು ಇದ್ದಾಗ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಬಂದು, ಯಾವ ಸ್ಟಾಪಿನಲ್ಲಿ ಎಷ್ಟು ಜನ ಎಂದು ಕಣ್ಣಾರೆ ನೋಡುತ್ತಿದ್ದರು. ಮಗ ಎಲ್ಲವನ್ನೂ ಮೊಬೈಲಿನಲ್ಲಿ ನೋಡುತ್ತಾನೆ. ಒಳ್ಳೆಯ ಹುಡುಗ, ಮರ್ಯಾದೆಯಿಂದ ಕುರ್ಚಿ ಕೊಟ್ಟ. ಮೊಬೈಲನ್ನು ನನ್ನ ಕಡೆ ತಿರುಗಿಸಿದ.

"ಕುಶಾಲಣ್ಣ, ಏಳು ಐದರ ಟ್ರಿಪ್ಪಿಗೆ ಸರಾಸರಿ ಹನ್ನೊಂದು ಜನ. ಹನ್ನೊಂದು ಜನಕ್ಕೆ ಬಸ್ಸು ಓಡಿಸ್ಲಿಕ್ಕೆ ಆಗ್ತದಾ, ನೀವೇ ಹೇಳಿ."

ಅರ್ಧವಾದ ಮೇಲೂ ದಿನಕ್ಕೆ ಇಪ್ಪತ್ತೈದು ಜನ ಇದ್ದರು. ಮೆಷಿನ್ನಿಗೆ ಗೊತ್ತಿದ್ದದ್ದು ಹನ್ನೊಂದು. ಉಳಿದ ಹದಿನಾಲ್ಕು ಮಕ್ಕಳು ಅದರ ಪಾಲಿಗೆ ಹುಟ್ಟಿರಲೇ ಇಲ್ಲ. ಅವರನ್ನು ಇಲ್ಲವಾಗಿಸಿದವನು ನಾನು, ಪುಣ್ಯ ಮಾಡುತ್ತೇನೆಂದು ತಿಳಿದು. ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟರೆ ಒಂಬತ್ತು ವರ್ಷ ಧಣಿಗಳ ಮಾತು ಮೀರಿದ್ದು ಹೊರಬರುತ್ತದೆ, ಐವತ್ತಮೂರನೆಯ ವಯಸ್ಸಿನಲ್ಲಿ ಯಾರು ನನ್ನ ಕೈಗೆ ಬ್ಯಾಗು ಕೊಡುತ್ತಾರೆ ಎಂಬ ಹೆದರಿಕೆ. ಮಕ್ಕಳಿಗೆ ತೊಂದರೆಯಾಗುತ್ತದೆ ಎಂದು ಮಾತ್ರ ಹೇಳಿದೆ. ಎಷ್ಟು ಮಕ್ಕಳು ಎಂದು ಉಜ್ವಲ್ ಕೇಳಿದ. ನಾನು ಸರಿಯಾಗಿ ಉತ್ತರಿಸಲಿಲ್ಲ. ಆ ದಿನದ ನನ್ನ ಮೇಲೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಸೆಪ್ಟೆಂಬರ್ ಒಂದರಿಂದ ಟ್ರಿಪ್ಪು ನಿಂತಿತು. ಹಾಲ್ಟ್ ಬೆಳ್ತಂಗಡಿಗೆ ಬಂತು. ಈಗ ಕೊಡಂಗೆಪಲ್ಕೆಗೆ ಮೊದಲ ಬಸ್ಸು ಒಂಬತ್ತೂ ನಲವತ್ತಕ್ಕೆ, ಅದು ಮೂಡುಬಿದಿರೆ ಮುಟ್ಟುವಾಗ ಹನ್ನೊಂದೂಕಾಲು. ಬೈಕು ಇದ್ದವರು ಬೈಕಿನಲ್ಲಿ ಹೋದರು. ಇಬ್ಬರು ಹಾಸ್ಟೆಲ್ ಸೇರಿದರು. ಉಳಿದವರು ಮೊಬೈಲಿನಲ್ಲೇ ನೋಡಿಕೊಳ್ಳುತ್ತೇವೆ ಎಂದರು. ನೋಡಿಕೊಂಡವರು ಎಷ್ಟು ಜನ ಎಂದು ನಾನು ಕೇಳಲು ಹೋಗಲಿಲ್ಲ. ಬೆಳಿಗ್ಗೆ ಚಹಾ ಕುಡಿಯದೆ ತಲೆನೋವು ಎಂದು ಝಕರಿಯಾ ನನ್ನ ಮೇಲೆ ಹರಿಹಾಯುತ್ತಿದ್ದ. ತಲೆನೋವು ಚಹಾದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋಗಿ ಹೇಳು ಮಾರಾಯ, ನಿನ್ನಿಂದ ಆದದ್ದು ಎಂದು ಹೇಳು, ಎಂದು ಅವನು ದಿನಾ ಚುಚ್ಚುತ್ತಿದ್ದ. ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ.

ಸಾತ್ವಿಕಾ ನಡೆಯಲು ಶುರು ಮಾಡಿದ್ದಳು. ಐದೂವರೆಗೆ ಮನೆ ಬಿಟ್ಟು, ರಬ್ಬರ್ ತೋಟದೊಳಗಿನ ಕಾಲುದಾರಿಯಲ್ಲಿ ಗುರುವಾಯನಕೆರೆಗೆ ಬಂದು, ಅಲ್ಲಿಂದ ಬೇರೆ ಬಸ್ಸು. ಕತ್ತಲಿರುವವರೆಗೆ ಕಾಂತಿಯಕ್ಕ ಟಾರ್ಚ್ ಹಿಡಿದು ಜೊತೆಗೆ ಬಂದು, ತಿರುಗಿ ನಡೆದು ಹೋಗಿ ಬೀಡಿಗೆ ಕೂರುತ್ತಿದ್ದರು. ಮಳೆಗಾಲ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಗುರುವಾಯನಕೆರೆಯಲ್ಲಿ ಅವಳನ್ನು ಕಂಡೆ. ಸೊಂಟದವರೆಗೆ ಒದ್ದೆ, ಕಾಲಿನಲ್ಲಿ ಉಂಬಳ ಕಚ್ಚಿದ ರಕ್ತ. ಬಿಳಿ ಲ್ಯಾಬ್ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿ ಹಿಡಿದಿದ್ದಳು. ನನ್ನನ್ನು ಕಂಡು ನಕ್ಕಳು. ಕ್ಲಾಸಿನಲ್ಲಿ ನಿದ್ದೆ ಬರ್ತದೆ ಕುಶಾಲಣ್ಣ, ಅದೊಂದೇ ಕಷ್ಟ, ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಪಕ್ಕದ ಹೋಟೆಲಿನಲ್ಲಿ ಚಹಾ ಕೊಡಿಸಿದೆ. ಇಷ್ಟೆಲ್ಲ ಮಾಡಿ ಒಂದು ಚಹಾ!

ಐದು ವಾರ ಹಾಗೆ ಬಂದಳು. ಅಕ್ಟೋಬರ್‌ನಲ್ಲಿ ರಬ್ಬರ್ ತೋಟದಲ್ಲಿ ಆನೆ ಹೆಜ್ಜೆ ಕಂಡಿತು. ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನವರೇ ಬೆಳಕು ಹರಿಯದೆ ಒಳಗೆ ಹೋಗುವುದನ್ನು ನಿಲ್ಲಿಸಿದರು. ಅರಣ್ಯ ಇಲಾಖೆಯವರು ಬಂದು ನೋಡಿ, ಆ ದಾರಿಯಲ್ಲಿ ಓಡಾಡಬೇಡಿ ಎಂದು ಹೇಳಿ ಹೋದರು. ಕಾಂತಿಯಕ್ಕ ಮಗಳನ್ನು ಮನೆಯಲ್ಲೇ ನಿಲ್ಲಿಸಿದರು. ಯಾವ ತಾಯಿ ಕಳಿಸುತ್ತಾಳೆ? ಬಸ್ಸಿನ ರಸ್ತೆಯೂ ಅದೇ ತೋಟದ ಬದಿಯಲ್ಲೇ, ಬೆಳಕು ಹರಿದ ಮೇಲೆ ಹೊರಟರೆ ಒಂಬತ್ತಕ್ಕೆ ಲ್ಯಾಬು ಮುಟ್ಟುವುದಿಲ್ಲ. ಅಷ್ಟು ಬೆಳಿಗ್ಗೆ ಬರುವ ರಿಕ್ಷಾ ನಮ್ಮ ಕಡೆ ಇಲ್ಲ. ಹಾಸ್ಟೆಲಿನಲ್ಲಿ ಮೂರು ದಿನಕ್ಕೆ ಎಂದು ಹಾಸಿಗೆ ಕೊಡುವ ಕ್ರಮ ಇಲ್ಲ, ಇಡೀ ವರ್ಷದ್ದು ಕಟ್ಟಬೇಕು, ಬೀಡಿ ಕಟ್ಟುವ ಕೈಯಿಂದ ಅದು ಆಗುವ ಮಾತಲ್ಲ.

ಆಗ ನಾನು ಉಜ್ವಲ್‌ನ ಆಫೀಸಿಗೆ ಹೋದೆ. ಈ ಸಲ ಕುರ್ಚಿಯಲ್ಲಿ ಕೂರದೆ ಎಲ್ಲವನ್ನೂ ಹೇಳಿದೆ, ಗುಂಡಿಯ ವಿಷಯ, ಹತ್ತು ಜನರ ಮಾತು, ಒಂಬತ್ತು ವರ್ಷ. ಕೆಲಸದಿಂದ ತೆಗೆದರೆ ತೆಗೆಯಿರಿ, ಟ್ರಿಪ್ಪು ಮಾತ್ರ ತಿರುಗಿ ಹಾಕಿ ಎಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಗಸ್ಟ್‌ನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದ. ಆ ಟೈಮಿಂಗನ್ನು ವೇಣೂರು ಲೈನಿನ ಇನ್ನೊಂದು ಬಸ್ಸಿನವರು ಪರ್ಮಿಟ್ ಮಾಡಿಸಿಕೊಂಡಿದ್ದಾರೆ, ಅದೇ ಹೊತ್ತಿಗೆ ಇನ್ನು ತಾನು ಬಸ್ಸು ಬಿಡುವ ಹಾಗಿಲ್ಲ ಎಂದ. ಆ ಬಸ್ಸು ಕೊಡಂಗೆಪಲ್ಕೆಯ ಒಳಗೆ ಬರುವುದೂ ಇಲ್ಲ. ಅವನು ಆ ಬಸ್ಸಿನ ಮಾಲೀಕರಿಗೆ ನನ್ನೆದುರೇ ಫೋನ್ ಮಾಡಿದ. ಆಚೆಯಿಂದ ನಗುತ್ತಾ ಮಾತಾಡಿದ ದನಿ ನನಗೂ ಕೇಳಿಸಿತು. ಮಕ್ಕಳೆಲ್ಲ ಈಗ ಆನ್‌ಲೈನ್ ಅಲ್ವಾ, ಒಳಗೆ ಹೋಗಿ ಯಾರನ್ನು ತರುವುದು ಎಂದರು ಅವರು. ಉಜ್ವಲ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.

ನನ್ನ ರಜೆಯ ದಿನ ಕಾಂತಿಯಕ್ಕನ ಜೊತೆ ಕಾಲೇಜಿಗೂ ಹೋದೆ. ಅಷ್ಟು ವರ್ಷ ಗೇಟಿನ ಮುಂದೆ ಮಕ್ಕಳನ್ನು ಇಳಿಸಿದವನು, ಒಳಗೆ ಕಾಲಿಟ್ಟದ್ದು ಅಂದೇ. ಪ್ರಿನ್ಸಿಪಾಲರು ಸಮಾಧಾನದಿಂದಲೇ ಕೇಳಿದರು. ಸಾತ್ವಿಕಾ ಒಳ್ಳೆಯ ವಿದ್ಯಾರ್ಥಿನಿ, ಮೊಬೈಲಿನ ಪಾಠಕ್ಕೆ ಅವಳದ್ದು ಪೂರ್ತಿ ಹಾಜರಿ ಎಂದು ಹೊಗಳಿದರು. ಪ್ರಾಕ್ಟಿಕಲ್‌ನಲ್ಲಿ ಇನ್ನು ಬಾರದಿದ್ದರೆ ಸೆಮಿಸ್ಟರ್ ಮುಗಿಯುವಾಗ ಅರವತ್ತೆಂಟಕ್ಕೆ ಇಳಿಯುತ್ತದೆ, ಎಪ್ಪತ್ತೈದು ಬೇಕೆಂಬುದು ನಿಯಮ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಮುಂದಿನ ವರ್ಷದ ಬ್ಯಾಚಿನ ಜೊತೆ ಇದೇ ಸೆಮಿಸ್ಟರ್ ಮತ್ತೆ ಮಾಡಬಹುದು, ಶುಕ್ರವಾರದೊಳಗೆ ಆನ್‌ಲೈನ್ ಫಾರ್ಮ್ ತುಂಬಿಸಬೇಕು, ಮುಂದುವರಿಸುತ್ತೇನೆ ಅಥವಾ ನಿಲ್ಲಿಸುತ್ತೇನೆ ಎಂದು. ಬಸ್ಸಿನ ವಿಷಯ ತೆಗೆದಾಗ ಅವರಿಗೆ ನಿಜವಾಗಿ ಬೇಸರವಾಯಿತು. ದೂರದ ಮಕ್ಕಳು ಕಾಲೇಜಿಗೆ ಬರುವುದು ಕಡಿಮೆಯಾಗಿದೆ, ಆದ್ದರಿಂದ ಬರುವ ವರ್ಷ ಮೂರು ದಿನವನ್ನು ಎರಡಕ್ಕೆ ಇಳಿಸುವ ಯೋಚನೆ ಇದೆ, ಅವರಿಗೆ ಅನುಕೂಲವಾಗಲಿ ಎಂದು, ಅಂದರು. ಬಸ್ಸಿಲ್ಲದೆ ಮಕ್ಕಳಿಲ್ಲ, ಮಕ್ಕಳಿಲ್ಲದೆ ಬಸ್ಸಿಲ್ಲ, ಈಗ ಕಾಲೇಜೂ ಇಲ್ಲವಾಗುತ್ತಿದೆ, ಎಲ್ಲವೂ ಅನುಕೂಲಕ್ಕಾಗಿ. ಕೈ ಮುಗಿದು ಹೊರಗೆ ಬಂದೆ.

ಶುಕ್ರವಾರ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕೊಡಂಗೆಪಲ್ಕೆಗೆ ಹೋದಾಗ ಬಸ್ಸು ಹೊರಡಲು ಇಪ್ಪತ್ತು ನಿಮಿಷ ಇತ್ತು. ಮೇಲಿನ ಮನೆಗೆ ಹತ್ತಿದೆ. ಕಾಂತಿಯಕ್ಕ ಜಗಲಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಾತ್ವಿಕಾ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕುಳಿತಿದ್ದಳು. ನಾನು ನಿಂತುಕೊಂಡೇ ನನ್ನ ತಪ್ಪನ್ನು ಒಪ್ಪಿಕೊಂಡೆ. ಗುಂಡಿ ಒತ್ತದೇ ಇದ್ದದ್ದು, ಆಗಸ್ಟ್‌ನಲ್ಲಿ ಸುಮ್ಮನಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಕಾಂತಿಯಕ್ಕನ ಕೈ ನಿಂತಿತು.

"ಆಗ ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತಲ್ಲ ಕುಶಾಲಣ್ಣ," ಎಂದಳು ಸಾತ್ವಿಕಾ.

ಅದರಲ್ಲಿ ಕೊಂಕು ಇರಲಿಲ್ಲ. ನನ್ನ ಪರವಾಗಿ ಅವಳೇ ಮಾತಾಡುತ್ತಿದ್ದಳು. ನನಗೆ ಅಳು ಬಂತು. ಈ ವಯಸ್ಸಿನಲ್ಲಿ, ಖಾಕಿ ಅಂಗಿಯಲ್ಲಿ, ಆ ಹುಡುಗಿಯ ಎದುರು ಅತ್ತೆ.

ಕಾಂತಿಯಕ್ಕ ಮೊರವನ್ನು ಕೆಳಗಿಟ್ಟರು. ಸೇರಿಸುವಾಗ ನಿಮ್ಮನ್ನು ಕೇಳಿಯೇ ಸೇರಿಸಿದ್ದು, ಈಗಲೂ ನೀವು ಹೇಳಿದ ಹಾಗೆ ಮಾಡುವ ಎಂದರು. ಇನ್ನೊಂದು ವರ್ಷಕ್ಕೆ ಹಾಕುವುದಾದರೆ ಬೀಡಿ ಕೊಂಡುಕೊಳ್ಳುವ ಬ್ರಾಂಚಿನಲ್ಲಿ ಸಾಲ ಕೇಳಿಯಾದರೂ ಫೀಸು ಕಟ್ಟುತ್ತೇನೆ ಎಂದರು.

"ಬರುವ ವರ್ಷ ಬೆಳಿಗ್ಗೆಯ ಬಸ್ಸು ಬರ್ತದಾ ಇಲ್ವಾ, ಅಷ್ಟು ಹೇಳಿ."

ಬರುತ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿಂದೊಮ್ಮೆ ಅಷ್ಟು ಸುಲಭವಾಗಿ ಹೇಳಿದವನು ನಾನು. ಹೇಳಿಬಿಟ್ಟರೆ ಅವರು ಸಾಲ ಮಾಡಿ ಕಟ್ಟುತ್ತಾರೆ, ಹುಡುಗಿ ಜೂನ್‌ನಲ್ಲಿ ಲ್ಯಾಬ್ ಕೋಟು ಹಿಡಿದು ಈ ಮೆಟ್ಟಿಲಲ್ಲಿ ನಿಲ್ಲುತ್ತಾಳೆ.

"ಬರುದಿಲ್ಲ ಕಾಂತಿಯಕ್ಕ," ಎಂದೆ. "ಫೀಸು ಕಟ್ಟಬೇಡಿ."

ಅವಳನ್ನು ಓದಿಸಲೇಬೇಕು ಎಂದು ಆ ಊರಿನಲ್ಲಿ ತಾಯಿಯ ನಂತರ ಯಾರಾದರೂ ಬಯಸಿದ್ದರೆ ಅದು ನಾನೇ. ನಿಲ್ಲಿಸಿ ಎಂದು ಹೇಳಿದವನೂ ನಾನೇ.

ಸಾತ್ವಿಕಾ ಮೊಬೈಲಿನಲ್ಲಿ ಫಾರ್ಮ್ ತೆರೆದಳು. ನಿಲ್ಲಿಸುತ್ತೇನೆ ಎಂಬಲ್ಲಿ ಒತ್ತಿದ ಮೇಲೆ, ಕಾರಣ ಆರಿಸಿ ಎಂದು ಒಂದು ಪಟ್ಟಿ ಬಂತು. ಅವಳು ಜೋರಾಗಿ ಓದಿದಳು. ಮದುವೆ. ಅನಾರೋಗ್ಯ. ಬೇರೆ ಕಾಲೇಜಿಗೆ ಸೇರ್ಪಡೆ. ಓದಿನಲ್ಲಿ ಆಸಕ್ತಿ ಇಲ್ಲ. ವೈಯಕ್ತಿಕ. ಬಸ್ಸು ಎಂದು ಇಲ್ಲವಾ ಎಂದು ಕಾಂತಿಯಕ್ಕ ಕೇಳಿದರು. ಇಲ್ಲ ಎಂದಳು. ಬರೆಯಲಿಕ್ಕೆ ಜಾಗ ಉಂಟಾ ನೋಡು ಎಂದೆ ನಾನು. ಕೆಳಗಿನವರೆಗೆ ನೋಡಿದಳು, ಜಾಗವೂ ಇರಲಿಲ್ಲ.

ವೈಯಕ್ತಿಕ ಎಂಬುದನ್ನು ಒತ್ತಿದಳು. ಕಳಿಸಲು ನೋಡಿದರೆ ಹೋಗಲಿಲ್ಲ, ಸಿಗ್ನಲ್ ಒಂದು ಕಡ್ಡಿ ಬಂದು ಮಾಯವಾಗುತ್ತಿತ್ತು. ಅಂಗಳಕ್ಕೆ ಇಳಿದು ಆಚೆ ಈಚೆ ನಡೆದಳು, ಕಟ್ಟೆಯ ಮೇಲೆ ಹತ್ತಿದಳು. ಕೆಳಗೆ ಝಕರಿಯಾ ಹೊರಡುವ ಹೊತ್ತಾಯಿತೆಂದು ಎಂಜಿನ್ ಶುರು ಮಾಡಿದ. ಅವಳು ಮೊಬೈಲನ್ನು ನನ್ನ ಕಡೆ ಚಾಚಿದಳು.

"ನೀವು ಉದ್ದ ಇದ್ದೀರಿ ಕುಶಾಲಣ್ಣ. ಸ್ವಲ್ಪ ಎತ್ತಿ ಹಿಡೀರಿ."

ನಾನು ಕಟ್ಟೆಯ ಮೇಲೆ ನಿಂತು, ಕೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಎತ್ತಿ ಹಿಡಿದೆ. ಹೋಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ಕೈ ಮಾತ್ರ ಇಳಿಸಲಿಲ್ಲ. ಒಂದೆರಡು ನಿಮಿಷವಾಗಿರಬೇಕು. ಮೊಬೈಲ್ ಒಮ್ಮೆ ಅದುರಿತು. ಕಾಂತಿಯಕ್ಕ ಹೋಯಿತಾ ಎಂದು ಕೇಳಿದರು. ನಾನು ಕೆಳಗಿಳಿದು ನೋಡಿ, ಹೋಯಿತು ಎಂದೆ.